ಫೋನ್ ನನ್ನದು, ಮೇಲ್ ಆಫೀಸಿನದು

ಒಂದು ಶುಕ್ರವಾರ ಸಂಜೆ ಐದೂವರೆಗೆ ನಾನು ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿದೆ. ಏಳು ಗಂಟೆಗೆ ಆಫೀಸಿನ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಎಲ್ಲರೂ ಮನೆಗೆ ಹೋಗಿದ್ದರು, ನಾನೇ ಎತ್ತಿದೆ.

‘ನನ್ನ ಫೋನಲ್ಲಿ ಏನೂ ಇಲ್ಲ ಕಣೋ. ಅಂಗಡಿಯಿಂದ ಈಗ ತಾನೆ ತಂದ ಹಾಗಿದೆ. ಭಾಷೆ ಆರಿಸಿ ಅಂತ ಕೇಳ್ತಿದೆ. ಏನ್ ಮಾಡ್ಲಿ?’

ಅವತ್ತು ಮಧ್ಯಾಹ್ನವಷ್ಟೇ ಕೆಲಸ ಬಿಟ್ಟು, ಕೇಕ್ ಕತ್ತರಿಸಿ, ಎಲ್ಲರಿಗೂ ಕೈ ಬೀಸಿ ಹೋದ ಸಹೋದ್ಯೋಗಿ. ಶಿವಮೊಗ್ಗದ ಬಸ್ಸಿನಲ್ಲಿದ್ದಳು. ಪಕ್ಕದ ಸೀಟಿನವರ ಫೋನ್ ಕೇಳಿ ಪಡೆದು, ಬ್ಯಾಗಿನಲ್ಲಿದ್ದ ರಿಲೀವಿಂಗ್ ಲೆಟರಿನ ಮೇಲಿನ ನಂಬರಿಗೆ ಮಾಡಿದ್ದಳು. ಬೇರೆ ಯಾರ ನಂಬರೂ ಅವಳ ಬಾಯಲ್ಲಿರಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಇರುತ್ತೆ ಹೇಳಿ?

‘ಬ್ಯಾಕಪ್ ಇದ್ಯಾ?’ ಅಂತ ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, ‘ಅಪ್ಪನ ವಾಯ್ಸ್ ನೋಟ್ಸ್ ಇತ್ತು.’

ಅವಳ ತಂದೆ ತೀರಿಕೊಂಡು ಎಂಟು ತಿಂಗಳಾಗಿತ್ತು. ಟೈಪ್ ಮಾಡಲು ಬಾರದ ಮನುಷ್ಯ. ದಿನಾ ಬೆಳಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಒತ್ತಿ ‘ತಿಂಡಿ ಆಯ್ತಾ ಮಗಾ’ ಎಂದು ಕಳಿಸುತ್ತಿದ್ದರಂತೆ. ಗೂಗಲ್ ಖಾತೆಯ ಉಚಿತ 15 ಜಿಬಿ ತುಂಬಿ ಹೋಗಿತ್ತು. ‘ಸ್ಟೋರೇಜ್ ಫುಲ್’ ಎಂಬ ಸೂಚನೆಯನ್ನು ನಾವೆಲ್ಲ ಪಕ್ಕಕ್ಕೆ ತಳ್ಳುವಂತೆ ಅವಳೂ ತಳ್ಳಿದ್ದಳು. ಬ್ಯಾಕಪ್ ನಿಂತು ಒಂದು ವರ್ಷದ ಮೇಲಾಗಿತ್ತು.

ನಾನು ಒತ್ತಿದ ಬಟನ್ ಮೇಲೆ ‘ವೈಪ್’ ಎಂದು ಬರೆದಿತ್ತು. ಕೆಲಸ ಬಿಟ್ಟವರ ಫೋನಿನಿಂದ ಆಫೀಸ್ ಮೇಲ್ ತೆಗೆಯಬೇಕಿತ್ತು, ಅದಕ್ಕೇ ಇರುವ ಬಟನ್ ಅಂದುಕೊಂಡೆ. ಅದು ಇಡೀ ಫೋನನ್ನು ಒರೆಸಿ ಹಾಕಿತು. ‘ರಿಮೋಟ್ ವೈಪ್ ಯಶಸ್ವಿಯಾಗಿದೆ’ ಎಂದು ಸರ್ವರ್ ನನಗೊಂದು ಮೇಲ್ ಕೂಡ ಕಳಿಸಿತ್ತು.

ಇದಾಗಿ ವರ್ಷಗಳಾದವು. ಇವತ್ತಿಗೂ ಯಾರಾದರೂ ‘ಆಫೀಸ್ ಮೇಲ್ ಫೋನಿಗೆ ಹಾಕ್ಕೊಂಡೆ’ ಅಂದರೆ ನನ್ನ ಮೊದಲ ಪ್ರಶ್ನೆ ಒಂದೇ: ‘ಹಾಕ್ಕೊಳ್ಳುವಾಗ ಏನಕ್ಕೆ ಓಕೆ ಅಂದೆ?’

ಆ ಅಧಿಕಾರ ನನಗೆ ಕೊಟ್ಟವರು ಯಾರು?

ನಾನಾಗ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಅರವತ್ತು ಚಿಲ್ಲರೆ ಜನ. ಬರೆಯಬೇಕಾದದ್ದು ಕೋಡ್. ಆದರೆ ‘ನಿಂಗೆ ಸರ್ವರ್ ಗೊತ್ತಲ್ಲ, ಮೇಲೂ ನೀನೇ ನೋಡ್ಕೊ’ ಎಂದು ಒಂದು ದಿನ ಮ್ಯಾನೇಜರ್ ಹೇಳಿದರು. ಹಾಗೆ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನ ಪಾಸ್‌ವರ್ಡ್ ನನ್ನ ಕೈಗೆ ಬಂತು. ತರಬೇತಿ ಅಂತ ಏನೂ ಇರಲಿಲ್ಲ.

ಫೋನು ಮತ್ತು ಎಕ್ಸ್‌ಚೇಂಜ್ ಸರ್ವರ್ ಮಾತಾಡಿಕೊಳ್ಳುವ ಭಾಷೆಯೊಂದಿದೆ. ಅದರ ಹೆಸರು ಆ್ಯಕ್ಟಿವ್‌ಸಿಂಕ್. ಐಫೋನ್ ಇದನ್ನು 2008ರಲ್ಲಿ ಕಲಿಯಿತು. ಮೇಲ್, ಕ್ಯಾಲೆಂಡರ್, ಕಾಂಟ್ಯಾಕ್ಟ್ಸ್ ತರುವುದರ ಜೊತೆಗೆ ಸರ್ವರ್ ಕಡೆಯಿಂದ ನಿಯಮಗಳನ್ನೂ ಇದು ಹೊತ್ತು ತರುತ್ತದೆ. ಫೋನಿಗೆ ಇಷ್ಟು ಅಂಕಿಯ ಲಾಕ್ ಇರಲೇಬೇಕು, ಇಷ್ಟು ನಿಮಿಷಕ್ಕೆ ಸ್ಕ್ರೀನ್ ಮುಚ್ಚಬೇಕು, ಒಳಗಿನ ಮಾಹಿತಿ ಎನ್‌ಕ್ರಿಪ್ಟ್ ಆಗಿರಬೇಕು, ಇಷ್ಟು ಸಲ ತಪ್ಪು ಪಿನ್ ಹಾಕಿದರೆ ಎಲ್ಲ ಅಳಿಸಬೇಕು. ಕೊನೆಯದಾಗಿ, ‘ನಾನು ಹೇಳಿದರೆ ನಿನ್ನನ್ನು ನೀನೇ ಅಳಿಸಿಕೊ.’

2010ರಲ್ಲಿ ಬಂದ ಆಂಡ್ರಾಯ್ಡ್ 2.2ರಿಂದ ‘ಡಿವೈಸ್ ಅಡ್ಮಿನ್’ ಎಂಬ ವ್ಯವಸ್ಥೆ ಇದೆ. ಕಂಪನಿಯ ಖಾತೆ ಸೇರಿಸುವಾಗ ಒಂದು ಪುಟ ತೆರೆದುಕೊಳ್ಳುತ್ತದೆ. ಮೊದಲ ಸಾಲಿನಲ್ಲೇ ‘ಎಲ್ಲಾ ಡೇಟಾ ಅಳಿಸಿ’ ಎಂಬ ಅರ್ಥದ ಮಾತಿರುತ್ತದೆ. ಕೆಳಗೆ ‘ಆ್ಯಕ್ಟಿವೇಟ್’ ಬಟನ್. ಒತ್ತದಿದ್ದರೆ ಮೇಲ್ ಬರುವುದಿಲ್ಲ. ಎಲ್ಲರೂ ಒತ್ತುತ್ತಾರೆ. ಆ ಗೆಳತಿಯೂ ಸೇರಿದ ಮೊದಲ ವಾರವೇ, ನನ್ನ ಡೆಸ್ಕ್ ಪಕ್ಕ ನಿಂತು ಒತ್ತಿದ್ದಳು. ‘ಇದೇನೋ ಕೇಳ್ತಿದೆ?’ ಅಂದಿದ್ದಳು. ‘ಓಕೆ ಕೊಡು, ಎಲ್ಲರಿಗೂ ಬರುತ್ತೆ’ ಅಂದಿದ್ದು ನಾನೇ.

ಅಂದರೆ ಕಾಗದದ ಮೇಲೆ ಅವಳ ಒಪ್ಪಿಗೆ ಇತ್ತು. ಕಂಪನಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ತನ್ನ ಒಪ್ಪಿಗೆಯ ಅರ್ಥ ಅವಳಿಗೆ ಗೊತ್ತಿರಲಿಲ್ಲ, ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಕಂಪನಿಯ ಭಯವೂ ಸುಳ್ಳಲ್ಲ

ಇದನ್ನು ಓದಿ ‘ಛೆ, ಆಫೀಸಿನವರಿಗೆ ನಮ್ಮ ಫೋನ್ ಮುಟ್ಟೋಕೆ ಬಿಡಲೇಬಾರದು’ ಅನ್ನಿಸಬಹುದು. ಸ್ವಲ್ಪ ತಡೀರಿ.

ಅದೇ ಕಂಪನಿಯಲ್ಲಿ ಇನ್ನೊಬ್ಬ ಸಹೋದ್ಯೋಗಿ ಸಿಲ್ಕ್ ಬೋರ್ಡ್ ಹತ್ತಿರ ಬಸ್ಸಿನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಕೊಂಡ. ಸ್ಕ್ರೀನ್ ಲಾಕ್ ಇರಲಿಲ್ಲ. ‘ಪದೇ ಪದೇ ಯಾರು ಪ್ಯಾಟರ್ನ್ ಎಳೀತಾರೆ’ ಅನ್ನೋ ಜಾತಿ. ಅವನ ಮೇಲ್‌ನಲ್ಲಿ ಗ್ರಾಹಕರ ಒಪ್ಪಂದಗಳು, ಒಂದು ಪ್ರಾಜೆಕ್ಟಿನ ಸರ್ವರ್ ಪಾಸ್‌ವರ್ಡ್, ನೂರಾರು ಜನರ ಹೆಸರು ವಿಳಾಸ ಇರುವ ಎಕ್ಸೆಲ್ ಫೈಲು ಎಲ್ಲ ಇತ್ತು. ಫೋನ್ ಸಿಕ್ಕವನಿಗೆ ಏನನ್ನೂ ಹ್ಯಾಕ್ ಮಾಡಬೇಕಿರಲಿಲ್ಲ. ಮೇಲ್ ಆ್ಯಪ್ ಮುಟ್ಟಿದರೆ ಸಾಕಿತ್ತು.

ಇನ್ನೊಂದು ವಿಷಯ. ಬ್ಯಾಂಕ್ ಬಿಟ್ಟರೆ ಉಳಿದ ಬಹುಪಾಲು ಸೇವೆಗಳ ‘ಪಾಸ್‌ವರ್ಡ್ ಮರೆತಿದ್ದೀರಾ?’ ಲಿಂಕ್ ಬರುವುದು ಮೇಲಿಗೇ. ಮೇಲ್ ಸಿಕ್ಕಿತೆಂದರೆ ಮನೆಯ ಬೀಗದ ಕೈಗೊಂಚಲೇ ಸಿಕ್ಕ ಹಾಗೆ.

ಕಾನೂನೂ ಬಿಗಿಯಾಗುತ್ತಿದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯು, ಜನರ ಮಾಹಿತಿಗೆ ತಕ್ಕ ಭದ್ರತೆ ಕೊಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೂ ದಂಡ ವಿಧಿಸಲು ಅವಕಾಶ ಕೊಡುತ್ತದೆ. ಹಾಗಾಗಿ ‘ಫೋನಿಗೆ ಲಾಕ್ ಹಾಕಿ’ ಅಂತ ಐಟಿ ತಂಡ ಕಾಡಿದರೆ ಅದು ಕಿರಿಕಿರಿ ಮಾಡುವ ಚಟವೇನಲ್ಲ.

ಮೇಲ್ ಕಂಪನಿಯದು, ಅದನ್ನು ಅಳಿಸುವ ಹಕ್ಕು ಅವರಿಗಿದೆ. ಅಪ್ಪನ ದನಿ ಅವಳದು. ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು, ಆ ಡಬ್ಬಿಯ ಕೀಲಿಯನ್ನು ನನ್ನಂಥವನ ಕೈಗೆ ಕೊಟ್ಟಿದ್ದೇ ಎಡವಟ್ಟು.

ಡಬ್ಬಿ ಬೇರೆ ಮಾಡುವ ದಾರಿಗಳು

ಖಾಸಗಿ ಫೋನಿಗೆ ಆಫೀಸ್ ಮೇಲ್ ತರಲು ಇವತ್ತು ಮುಖ್ಯವಾಗಿ ನಾಲ್ಕು ದಾರಿ ಇವೆ. ನಿಮ್ಮದು ಯಾವುದು ಅಂತ ನೋಡ್ಕೊಳ್ಳಿ.

ಮೊದಲನೆಯದು, ಬರೀ ಹೆಸರು ಮತ್ತು ಪಾಸ್‌ವರ್ಡ್ ಹಾಕಿ ಐಮ್ಯಾಪ್ ಮೂಲಕ ಜೋಡಿಸುವುದು. ಸುಲಭ, ಆದರೆ ಕಂಪನಿಗೆ ಯಾವ ಹಿಡಿತವೂ ಇಲ್ಲ. ಫೋನ್ ಕಳೆದರೆ ಪಾಸ್‌ವರ್ಡ್ ಬದಲಿಸುವುದೊಂದೇ ದಾರಿ. ಈಗಾಗಲೇ ಇಳಿದ ಮೇಲ್ ಅಲ್ಲೇ ಉಳಿಯುತ್ತದೆ. ಪಾಸ್‌ವರ್ಡ್ ಫೋನಿನಲ್ಲೇ ಕೂತಿರುವ ಈ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಮೇಲ್‌ನಲ್ಲಿ 2022ರ ಅಕ್ಟೋಬರ್‌ನಿಂದ ಮುಚ್ಚುತ್ತಾ ಬಂತು. ಈಗ ನೀವು ಕಂಪನಿಯ ಲಾಗಿನ್ ಪುಟಕ್ಕೆ ಹೋಗಿ, ಎರಡನೇ ಹಂತದ ಪರೀಕ್ಷೆ ಮುಗಿಸಿದರೆ, ಫೋನಿಗೆ ಒಂದು ಟೋಕನ್ ಸಿಗುತ್ತದೆ. ಸಿನಿಮಾ ಟಿಕೆಟ್ ಇದ್ದ ಹಾಗೆ. ಕಳೆದರೆ ಆ ಟಿಕೆಟ್ ಮಾತ್ರ ರದ್ದು ಮಾಡಬಹುದು.

ಎರಡನೆಯದು, ನಾನು ಹೇಳಿದ ಹಳೆಯ ಡಿವೈಸ್ ಅಡ್ಮಿನ್ ದಾರಿ. ಇಡೀ ಫೋನಿನ ಮೇಲೆ ಅಧಿಕಾರ. ಐಫೋನಿನ ಸ್ವಂತ ಮೇಲ್ ಆ್ಯಪ್‌ಗೆ ಎಕ್ಸ್‌ಚೇಂಜ್ ಖಾತೆ ಸೇರಿಸಿದಾಗಲೂ ಪೂರ್ತಿ ವೈಪ್ ಆದೇಶ ಇಡೀ ಫೋನಿಗೇ ತಾಗುತ್ತದೆ. ಅಲ್ಲಿ ‘ಆ್ಯಕ್ಟಿವೇಟ್’ ಪುಟ ಕೂಡ ಕಣ್ಣಿಗೆ ಬೀಳುವುದಿಲ್ಲ. ಬರೀ ಖಾತೆಯನ್ನಷ್ಟೇ ಅಳಿಸುವ ಆಯ್ಕೆ ಎಕ್ಸ್‌ಚೇಂಜ್‌ಗೆ ಬಂದದ್ದು ತಡವಾಗಿ. ಈ ಡಿವೈಸ್ ಅಡ್ಮಿನ್ ವ್ಯವಸ್ಥೆ ಕಂಪನಿಗಳಿಗೆ ತಕ್ಕದ್ದಲ್ಲ ಎಂದು ಗೂಗಲ್ ಕೂಡ ಹೇಳಿ, ಅದರ ಕೆಲವು ಅಧಿಕಾರಗಳನ್ನು ಆಂಡ್ರಾಯ್ಡ್ 10ರಿಂದ ಕಿತ್ತುಹಾಕಿತು.

ಮೂರನೆಯದು, ಆ್ಯಪ್ ಒಳಗಿನ ಬೇಲಿ. ಔಟ್‌ಲುಕ್‌ನಂಥ ಆ್ಯಪ್ ಒಳಗೆ ಮಾತ್ರ ಕಂಪನಿಯ ನಿಯಮ ಓಡುತ್ತದೆ. ಆ್ಯಪ್ ತೆರೆಯಲು ಬೇರೆ ಪಿನ್ ಕೇಳಬಹುದು. ಮೇಲ್‌ನಿಂದ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಪೇಸ್ಟ್ ಮಾಡಲು ಬಿಡದೇ ಇರಬಹುದು. ಕೆಲಸ ಬಿಟ್ಟಾಗ ಆ ಆ್ಯಪ್‌ನಲ್ಲಿರುವ ಆಫೀಸ್ ಮಾಹಿತಿ ಮಾತ್ರ ಹೋಗುತ್ತದೆ. ನಿಮ್ಮ ಗ್ಯಾಲರಿಯನ್ನು ಅದು ಮುಟ್ಟಲಾರದು.

ನಾಲ್ಕನೆಯದು, ಫೋನಿನೊಳಗೇ ಬೇರೊಂದು ಕೋಣೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ‘ವರ್ಕ್ ಪ್ರೊಫೈಲ್’ ಎನ್ನುತ್ತಾರೆ. 2014ರ ಆಂಡ್ರಾಯ್ಡ್ 5.0ರಲ್ಲಿ ಇದಕ್ಕೆ ತಳಪಾಯ ಬಿತ್ತು. ಆಫೀಸಿನ ಆ್ಯಪ್‌ಗಳ ಮೇಲೆ ಪುಟ್ಟ ಬ್ರೀಫ್‌ಕೇಸ್ ಗುರುತಿರುತ್ತದೆ. ಆಪಲ್ 2019ರಲ್ಲಿ, ಐಓಎಸ್ 13ರ ಜೊತೆ, ‘ಯೂಸರ್ ಎನ್‌ರೋಲ್‌ಮೆಂಟ್’ ಎಂಬ ಹೆಸರಿನಲ್ಲಿ ಇಂಥದ್ದೇ ತಂದಿತು. ಕಂಪನಿಯ ಮಾಹಿತಿ ಬೇರೆ ಭಾಗದಲ್ಲಿ, ಬೇರೆ ಕೀಲಿಯಲ್ಲಿ ಎನ್‌ಕ್ರಿಪ್ಟ್ ಆಗಿ ಕೂರುತ್ತದೆ. ಅಳಿಸಿದರೆ ಆ ಕೋಣೆ ಮಾತ್ರ ಖಾಲಿ. ಇದರಲ್ಲಿ ಇನ್ನೊಂದು ಸುಖ ಇದೆ. ಆಂಡ್ರಾಯ್ಡ್‌ನಲ್ಲಿ ಶನಿವಾರ ಬೆಳಗ್ಗೆ ವರ್ಕ್ ಪ್ರೊಫೈಲ್ ‘ಪಾಸ್’ ಮಾಡಿದರೆ, ಸೋಮವಾರದವರೆಗೆ ಆ ಕೋಣೆಯ ಆ್ಯಪ್‌ಗಳು ನಿಮ್ಮನ್ನು ಕರೆಯುವುದಿಲ್ಲ!

ಇವಲ್ಲದೆ ಫೋನಿನ ಪೂರ್ತಿ ಆಡಳಿತವನ್ನೇ ಕಂಪನಿ ಹಿಡಿಯುವ ಪದ್ಧತಿಯೂ ಇದೆ. ಅದು ಕಂಪನಿಯೇ ಕೊಟ್ಟ ಫೋನಿಗೆ ಸರಿ. ನಿಮ್ಮ ಇಎಂಐ ಹೋಗುತ್ತಿರುವ ಫೋನಿಗೆ ಅದನ್ನು ಕೇಳಿದರೆ, ‘ಹಾಗಾದ್ರೆ ಒಂದು ಫೋನ್ ಕೊಡಿ ಸಾರ್’ ಎನ್ನುವುದರಲ್ಲಿ ತಪ್ಪಿಲ್ಲ.

ಏನು ಕಾಣುತ್ತೆ, ಏನು ಕಾಣಲ್ಲ?

ಈ ಪ್ರಶ್ನೆ ನನಗೆ ಲಂಚ್ ಟೇಬಲ್ಲಿನಲ್ಲಿ ಅತಿ ಹೆಚ್ಚು ಬಂದದ್ದು. ‘ನನ್ನ ವಾಟ್ಸ್‌ಆ್ಯಪ್ ಓದ್ತೀರಾ?’

ಇಲ್ಲ. ಆ್ಯಕ್ಟಿವ್‌ಸಿಂಕ್‌ನಲ್ಲಿ ನನಗೆ ಕಾಣುತ್ತಿದ್ದದ್ದು ಫೋನಿನ ಮಾಡೆಲ್, ಆಪರೇಟಿಂಗ್ ಸಿಸ್ಟಮ್, ಕೊನೆಯ ಸಲ ಸಿಂಕ್ ಆದ ಸಮಯ, ಇಂಥವಷ್ಟೇ. ನಿಮ್ಮ ಫೋಟೊ, ಚಾಟ್, ಕರೆಗಳ ಪಟ್ಟಿ ಕಾಣುವುದಿಲ್ಲ. ವರ್ಕ್ ಪ್ರೊಫೈಲ್‌ನಲ್ಲಿ ಆ ಕೋಣೆಯೊಳಗಿನ ಆ್ಯಪ್‌ಗಳು ಕಾಣುತ್ತವೆ, ಹೊರಗಿನವು ಕಾಣುವುದಿಲ್ಲ. ಪೂರ್ತಿ ಆಡಳಿತ ಒಪ್ಪಿದ ಫೋನಿನಲ್ಲಿ ಮಾತ್ರ ನೀವು ಹಾಕಿಕೊಂಡ ಎಲ್ಲ ಆ್ಯಪ್‌ಗಳ ಪಟ್ಟಿ ಕಾಣಬಹುದು. ಯಾವ ಮ್ಯಾಟ್ರಿಮೊನಿ ಆ್ಯಪ್ ಇದೆ, ಯಾವ ಜಾಬ್ ಆ್ಯಪ್ ಇದೆ ಎನ್ನುವುದೂ ಒಂದು ಸುದ್ದಿಯೇ ತಾನೆ?

ಒಂದು ಕಡೆ ಮಾತ್ರ ಹುಷಾರು. ಕಂಪನಿ ಇಡೀ ಫೋನಿಗೆ ವಿಪಿಎನ್ ಹಾಕಿ, ಜೊತೆಗೆ ತನ್ನದೇ ರೂಟ್ ಸರ್ಟಿಫಿಕೇಟ್ ಕೂಡ ಕೂರಿಸಿದರೆ, ನಿಮ್ಮ ಇಂಟರ್‌ನೆಟ್ ಓಡಾಟದ ಒಂದಷ್ಟು ಭಾಗವನ್ನು ನೋಡುವ ದಾರಿ ತೆರೆಯುತ್ತದೆ. ಸೇರಿಸುವ ಮುಂಚೆ ಕೇಳಿ.

ಸರ್ಟಿಫಿಕೇಟ್ ಅಂದಾಗ ನನ್ನ ಇನ್ನೊಂದು ತಪ್ಪೂ ನೆನಪಾಗುತ್ತದೆ. ನಮ್ಮ ಸರ್ವರಿನ ಸರ್ಟಿಫಿಕೇಟ್ ಅವಧಿ ಮುಗಿದು, ಎಲ್ಲರ ಫೋನಿನಲ್ಲೂ ಎಚ್ಚರಿಕೆ ಬರತೊಡಗಿತ್ತು. ‘ಸೆಟಿಂಗ್ಸ್‌ನಲ್ಲಿ ಎಲ್ಲಾ ಸರ್ಟಿಫಿಕೇಟ್ ಒಪ್ಪಿಕೊ ಅಂತಿದೆ, ಟಿಕ್ ಮಾಡಿ’ ಎಂದು ಮೇಲ್ ಕಳಿಸಿದ್ದೆ! ಸರ್ಟಿಫಿಕೇಟ್ ಎಂದರೆ ‘ನಾನೇ ನಿಮ್ಮ ಸರ್ವರ್’ ಎನ್ನುವ ಗುರುತಿನ ಚೀಟಿ. ಯಾವ ಚೀಟಿ ತೋರಿಸಿದರೂ ಒಪ್ಪಿಕೊ ಎಂದರೆ, ಕಾಫಿ ಶಾಪಿನ ವೈಫೈನಲ್ಲಿ ನಡುವೆ ಕೂತವನು ‘ನಾನೇ ಸರ್ವರ್’ ಅಂದರೂ ಫೋನು ಪಾಸ್‌ವರ್ಡ್ ಕೊಟ್ಟುಬಿಡುತ್ತದೆ. ಅವತ್ತು ನಾನು ಮಾಡಬೇಕಿದ್ದದ್ದು ಅರ್ಧ ಗಂಟೆ ಕೂತು ಹೊಸ ಸರ್ಟಿಫಿಕೇಟ್ ಹಾಕುವುದು. ನಿಮ್ಮ ಆಫೀಸಿನಲ್ಲಿ ಯಾರಾದರೂ ಹಾಗೆ ಟಿಕ್ ಮಾಡಲು ಹೇಳಿದರೆ, ದಯವಿಟ್ಟು ಮಾಡಬೇಡಿ.

ಇವತ್ತು ರಾತ್ರಿ ಹತ್ತು ನಿಮಿಷ ಕೊಡಿ

ಆಂಡ್ರಾಯ್ಡ್ ಫೋನಾದರೆ ಸೆಟಿಂಗ್ಸ್‌ನಲ್ಲಿ ‘ಡಿವೈಸ್ ಅಡ್ಮಿನ್’ ಎಂದು ಹುಡುಕಿ. ಯಾವ ಆ್ಯಪ್‌ಗೆ ಆ ಅಧಿಕಾರ ಇದೆ ನೋಡಿ. ಐಫೋನಾದರೆ ಸೆಟಿಂಗ್ಸ್, ಜನರಲ್, ಅದರೊಳಗೆ ‘ವಿಪಿಎನ್ ಆ್ಯಂಡ್ ಡಿವೈಸ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಅಲ್ಲಿ ಕಂಪನಿಯ ಹೆಸರಿನ ಪ್ರೊಫೈಲ್ ಇದ್ದರೆ, ಅದು ಏನೇನು ಮಾಡಬಲ್ಲದು ಎಂದು ಅಲ್ಲೇ ಬರೆದಿರುತ್ತದೆ.

ಆಮೇಲೆ ಆಫೀಸಿನ ಐಟಿಯವರಿಗೆ ಮೂರೇ ಪ್ರಶ್ನೆ ಕೇಳಿ. ನೀವು ವೈಪ್ ಮಾಡಿದರೆ ಇಡೀ ಫೋನು ಹೋಗುತ್ತಾ, ಆಫೀಸ್ ಭಾಗ ಮಾತ್ರ ಹೋಗುತ್ತಾ? ನನ್ನ ಫೋನಿನಲ್ಲಿ ನಿಮಗೆ ಏನು ಕಾಣುತ್ತೆ? ನಾನು ಕೆಲಸ ಬಿಡುವ ದಿನ ಏನು ಮಾಡ್ತೀರಿ, ಮುಂಚೆ ಹೇಳ್ತೀರಾ? ಉತ್ತರ ಬರಹದಲ್ಲಿ ಬಂದರೆ ಇನ್ನೂ ಒಳ್ಳೆಯದು. ಒಳ್ಳೆಯ ಐಟಿ ತಂಡಕ್ಕೆ ಈ ಪ್ರಶ್ನೆಗಳಿಂದ ಕೋಪ ಬರುವುದಿಲ್ಲ.

ಲಾಕ್ ಸ್ಕ್ರೀನಿನ ಮೇಲೆ ಮೇಲ್ ಮತ್ತು ಓಟಿಪಿಯ ಒಳಮಾತು ಕಾಣದಂತೆ ಮಾಡಿ. ಫೋನಿಗೆ ಎಷ್ಟೇ ಗಟ್ಟಿ ಪಿನ್ ಇದ್ದರೂ, ಮೇಜಿನ ಮೇಲೆ ಮಲಗಿದ ಫೋನು ಎಲ್ಲವನ್ನೂ ಓದಿ ಹೇಳುತ್ತಿದ್ದರೆ ಏನು ಪ್ರಯೋಜನ?

ಫೋನ್ ಕಳೆದರೆ ಯಾವುದು ಮೊದಲು ಎನ್ನುವುದು ಮುಖ್ಯ. ಲಾಕ್ ಮಾಡು, ಅಳಿಸು ಎಂಬ ಆದೇಶ ಫೋನಿಗೆ ತಲುಪಬೇಕಾದರೆ ಅದು ಇಂಟರ್‌ನೆಟ್‌ನಲ್ಲಿರಬೇಕು. ನಾವು ಗಾಬರಿಯಲ್ಲಿ ಮೊದಲು ಸಿಮ್ ಬ್ಲಾಕ್ ಮಾಡಿಸುತ್ತೇವೆ. ಆಗ ಡೇಟಾ ನಿಂತು ಆದೇಶ ದಾರಿಯಲ್ಲೇ ಉಳಿಯುತ್ತದೆ. ಹಾಗಾಗಿ ಪಕ್ಕದವರ ಫೋನಿನಿಂದ ಮೊದಲು ಗೂಗಲ್ ಅಥವಾ ಆಪಲ್‌ನ ‘ಫೈಂಡ್’ ಸೇವೆಗೆ ಹೋಗಿ ಲಾಕ್ ಮಾಡಿ, ಆಫೀಸಿಗೆ ಹೇಳಿ, ಕೂಡಲೇ ಸಿಮ್ ನಿಲ್ಲಿಸಿ. ಇಷ್ಟಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ತಗೋಬೇಡಿ. ಯಾಕೆಂದರೆ ಯುಪಿಐ ಇರುವುದೂ ಅದೇ ನಂಬರಿನಲ್ಲಿ. ಆಮೇಲೆ ಪೊಲೀಸ್ ದೂರು, ಅದರ ಪ್ರತಿ ಇಟ್ಟುಕೊಂಡು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ಬ್ಲಾಕ್. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ.

ಕೊನೆಯದು, ಬ್ಯಾಕಪ್. ಸೆಟಿಂಗ್ಸ್‌ಗೆ ಹೋಗಿ ಕೊನೆಯ ಬ್ಯಾಕಪ್ ತಾರೀಖು ನೋಡಿ. ಓದುವುದನ್ನು ನಿಲ್ಲಿಸಿ ಈಗಲೇ ನೋಡಿದರೂ ಬೇಜಾರಿಲ್ಲ. ಕಳೆದುಹೋದರೆ ಮತ್ತೆ ಸಿಗದ ಒಂದೆರಡು ಫೈಲಾದರೂ ಎಲ್ಲರ ಫೋನಿನಲ್ಲೂ ಇರುತ್ತವೆ. ಅವನ್ನು ಒಂದು ಪೆನ್‌ಡ್ರೈವ್‌ಗಾದರೂ ಹಾಕಿ, ಅಮ್ಮನ ಬೀರುವಿನಲ್ಲಿಡಿ.

ಆಮೇಲೆ

ಅವತ್ತು ರಾತ್ರಿ ನಾನು ಅವಳಿಗೆ ನಿಜ ಹೇಳಿದೆ. ‘ನಾನೇ ಒತ್ತಿದ್ದು’ ಅಂತ. ಅವಳು ಬೈಯಲಿಲ್ಲ. ‘ಸರಿ, ಕಂಡಕ್ಟರ್‌ಗೆ ತೋರಿಸೋಕೆ ಟಿಕೆಟ್ ಮೆಸೇಜೂ ಇಲ್ಲ’ ಅಂದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಒಂದು ವಾರದ ನಂತರ ಅವಳಿಂದ ಮೆಸೇಜ್ ಬಂತು. ಅವಳಮ್ಮನ ಫೋನಿನಲ್ಲಿ, ಮನೆಯವರ ಗ್ರೂಪಿನಲ್ಲಿ, ಅಪ್ಪ ಕಳಿಸಿದ ಹದಿನೇಳು ವಾಯ್ಸ್ ನೋಟ್ ಸಿಕ್ಕಿತ್ತಂತೆ. ಒಂದರಲ್ಲಿ ಅಡಿಕೆ ರೇಟು, ಒಂದರಲ್ಲಿ ಯಾರದೋ ಮದುವೆ, ಒಂದರಲ್ಲಿ ಬರೀ ಕೆಮ್ಮು, ತಪ್ಪಿ ಒತ್ತಿದ್ದು. ಅವಳೊಬ್ಬಳಿಗೇ ಕಳಿಸಿದ ‘ತಿಂಡಿ ಆಯ್ತಾ ಮಗಾ’ ಮಾತ್ರ ಎಲ್ಲೂ ಸಿಗಲಿಲ್ಲ.

ಸೋಮವಾರ ಆಫೀಸಿಗೆ ಹೋದವನೇ ಎರಡು ಕೆಲಸ ಮಾಡಿದೆ. ಸ್ವಂತ ಫೋನುಗಳ ವೈಪ್ ಬಟನ್ ಯಾರೂ ಒಬ್ಬರೇ ಒತ್ತಬಾರದು, ಇಬ್ಬರು ಒಪ್ಪಬೇಕು ಎಂದು ಮ್ಯಾನೇಜರಿಂದ ಬರೆಸಿಕೊಂಡೆ. ಮುಂದಿನ ಮೂರು ತಿಂಗಳಲ್ಲಿ ಎಲ್ಲರ ಫೋನನ್ನೂ ಹಳೆಯ ದಾರಿಯಿಂದ ಬಿಡಿಸಿ, ಆ್ಯಪ್ ಒಳಗಿನ ಬೇಲಿಗೆ ತಂದೆ. ಒಂದು ಮಧ್ಯಾಹ್ನ ಎಲ್ಲರನ್ನೂ ಕೂರಿಸಿ ಆ ‘ಆ್ಯಕ್ಟಿವೇಟ್’ ಪುಟವನ್ನು ಪರದೆಯ ಮೇಲೆ ಹಾಕಿ ಸಾಲು ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಅರ್ಧಕ್ಕರ್ಧ ಜನ ಆ ಪುಟವನ್ನು ಮೊದಲ ಸಲ ನೋಡಿದ ಹಾಗೆ ನೋಡುತ್ತಿದ್ದರು.

ಈಗ ಬೇರೆ ಕಂಪನಿಯಲ್ಲಿದ್ದೇನೆ. ಸರ್ವರ್ ನನ್ನ ಕೈಯಲ್ಲಿಲ್ಲ. ಆದರೆ ಕೆಲಸ ಬಿಡುವವರಿಗಾಗಿ ನಾನು ಅವತ್ತು ಬರೆದ ಚೆಕ್‌ಲಿಸ್ಟ್ ಹಳೆಯ ಆಫೀಸಿನಲ್ಲಿ ಇನ್ನೂ ಇದೆಯಂತೆ. ಅದರ ಮೊದಲ ಸಾಲಿನಲ್ಲಿ ತಂತ್ರಜ್ಞಾನ ಏನೂ ಇಲ್ಲ.

‘ಮೊದಲು ಅವರಿಗೆ ಫೋನ್ ಮಾಡಿ. ಬ್ಯಾಕಪ್ ಆಗಿದೆಯಾ ಕೇಳಿ. ಅವರು ಹೂಂ ಅಂದ ಮೇಲೆ ಮುಂದಿನದು.’